ಫಾದರ್ ಅವರ ಅಪ್ಪನೋ ಅಮ್ಮನೋ ತೀರಿಕೊಂಡಾಗ ನಾವು ಏನು ಮಾಡಬೇಕು

ನಮ್ಮ ಮನೆಯಲ್ಲಿ ಸಾವಾದರೆ ನಮ್ಮ ಕ್ಯಾಥೋಲಿಕ್ ಚರ್ಚಿನ ಫಾದರ್ ಬರುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಮಣ್ಣು ಮಾಡುವವರೆಗೂ ಜೊತೆಗಿರುತ್ತಾರೆ. ಅವರದೇ ಅಮ್ಮ ಹೋದಾಗ? ಅಣ್ಣತಮ್ಮಂದಿರಿಗೆ ಹೆಂಡತಿ ಮಕ್ಕಳಿರುತ್ತಾರೆ, ರಾತ್ರಿ ಕೂತು ಮಾತಾಡಬಹುದು, ಅಳಬಹುದು. ಫಾದರ್ ವಾಪಸ್ ಬರೋದು ಒಂಟಿ ಕೋಣೆಗೆ. ಮದುವೆಯಾಗದೆ ಬದುಕುವವರಿಗೆ ಅಪ್ಪ ಅಮ್ಮ ಇರುವ ಮನೆಯೇ ಎಷ್ಟು ವಯಸ್ಸಾದರೂ ‘ನಮ್ಮ ಮನೆ’, ಅವರು ಹೋದಮೇಲೆ ಅದು ಅಣ್ಣನ ಮನೆಯಾಗಿಬಿಡುತ್ತದೆ. ಹಾಗಾಗಿ ನಾವು ಮಾಡಬೇಕಾದದ್ದು ಇಷ್ಟೇ: ಸ್ವಲ್ಪ ದಿನ ಅವರನ್ನು ಬರೀ ಮಗನಾಗಿ ಇರಲು ಬಿಡುವುದು.

ಸುದ್ದಿ ಬಂದ ತಕ್ಷಣ ಕೆಲಸ ಹಂಚಿಕೊಳ್ಳಿ. ‘ಏನಾದರೂ ಬೇಕಿದ್ದರೆ ಹೇಳಿ ಫಾದರ್’ ಅಂದರೆ ಅವರು ಖಂಡಿತ ಏನೂ ಹೇಳುವುದಿಲ್ಲ. ಭಾನುವಾರದ ಪೂಜೆಗೆ (ಮಾಸ್‌ಗೆ) ಬದಲಿ ಫಾದರ್ ಬೇಕು, ನಿಗದಿಯಾದ ಮದುವೆ ಇರಬಹುದು, ಆಸ್ಪತ್ರೆಯಲ್ಲಿ ಕಮ್ಯೂನಿಯನ್‌ಗೆ (ಪರಮಪ್ರಸಾದಕ್ಕೆ) ಕಾಯುವವರಿರಬಹುದು. ಚರ್ಚಿನ ಪಾಲನಾ ಸಮಿತಿಯವರೇ ಬಿಷಪ್ ಕಚೇರಿಗೆ ಫೋನ್ ಮಾಡಿ, ಅಕ್ಕಪಕ್ಕದ ಚರ್ಚ್‌ಗಳಲ್ಲಿ ವಿಚಾರಿಸಿ, ವ್ಯವಸ್ಥೆ ಮಾಡಿ, ಆಮೇಲೆ ಅವರಿಗೆ ತಿಳಿಸಿ. ಫಾದರ್ ಮೂರೇ ದಿನಕ್ಕೆ ಓಡಿ ಬರಬೇಕಾಗಿಯೂ ಇಲ್ಲ. ಧರ್ಮಸಭೆಯ ಕಾನೂನಿನ 533ನೇ ವಿಧಿಯ ಪ್ರಕಾರ ಧರ್ಮಕೇಂದ್ರದ (ಪ್ಯಾರಿಷ್‌ನ) ಗುರುಗಳಿಗೆ, ಅಂದರೆ ಫಾದರ್‌ಗೆ, ಸಾಮಾನ್ಯವಾಗಿ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಇದೆ, ವಾರಕ್ಕಿಂತ ಜಾಸ್ತಿ ದೂರ ಇರಬೇಕಾದರೆ ಬಿಷಪ್‌ಗೆ ತಿಳಿಸಿರಬೇಕು, ಅಷ್ಟೇ. ‘ಇಲ್ಲಿ ನಾವು ನೋಡಿಕೊಳ್ಳುತ್ತೇವೆ, ನೀವು ಇದ್ದು ಬನ್ನಿ’ ಅಂತ ಬಾಯಿಬಿಟ್ಟು ಹೇಳಿ.

ಅಂತ್ಯಕ್ರಿಯೆಯ ಪೂಜೆ ವಿಷಯ ತುಂಬಾ ಸೂಕ್ಷ್ಮ. ಮಗ ಫಾದರ್ ಅಂದಮೇಲೆ ಪೂಜೆ, ಪ್ರಬೋಧನೆ ಎಲ್ಲ ಅವನೇ ಮಾಡಬೇಕು ಅಂತ ಮನೆಯವರೂ ಊರವರೂ ತೀರ್ಮಾನ ಮಾಡಿಬಿಡುತ್ತಾರೆ. ಹಾಗೆ ಯಾವ ನಿಯಮವೂ ಇಲ್ಲ. ಬಿಷಪ್ ಅಥವಾ ಗೆಳೆಯ ಫಾದರ್ ಒಬ್ಬರು ಮುಖ್ಯವಾಗಿ ಅರ್ಪಿಸಬಹುದು, ಇವರು ಜೊತೆಯಲ್ಲಿ ಪೀಠದ ಹತ್ತಿರ ನಿಲ್ಲಬಹುದು, ಇಲ್ಲವೇ ಅಕ್ಕತಂಗಿಯರ ಪಕ್ಕ ಮುಂದಿನ ಬೆಂಚಿನಲ್ಲಿ ಕೂತು ಅಳಬಹುದು. ಕೆಲವರಿಗೆ ತಾವೇ ಅರ್ಪಿಸಬೇಕು ಅನಿಸುತ್ತದೆ, ಅಮ್ಮನಿಗೆ ಮಾಡುವ ಕೊನೆಯ ಸೇವೆ ಅದು ಅಲ್ವಾ. ಒಂದು ಸಲ ಕೇಳಿ, ಹೇಳಿದ್ದನ್ನು ಒಪ್ಪಿಕೊಳ್ಳಿ, ಒತ್ತಾಯ ಬೇಡ. ತಾವೇ ಮಾಡುತ್ತೇನೆ ಅಂದರೂ ಇನ್ನೊಬ್ಬ ಫಾದರ್ ಪುಸ್ತಕ ನೋಡುತ್ತಾ ಪಕ್ಕದಲ್ಲೇ ಇರಲಿ. ಪ್ರಬೋಧನೆ ಹೇಗೋ ಮುಗಿಸಿಬಿಡುತ್ತಾರೆ. ಗಂಟಲು ಕಟ್ಟುವುದು ಅದಾದಮೇಲೆ, ಪೂಜೆಯ ನಡುವೆ ತೀರಿಕೊಂಡವರ ಹೆಸರು ಹೇಳುವ ಜಾಗದಲ್ಲಿ. ಎಷ್ಟೋ ಜನರ ಹೆಸರು ಹೇಳಿದ ಆ ಸಾಲಿನಲ್ಲಿ ಈಗ ಅಮ್ಮನ ಹೆಸರು.

ಇನ್ನೊಂದು ಕೆಲಸ ಮನೆಯವರಿಗೆ ನೆನಪಿಸಬೇಕು. ಗುರುದೀಕ್ಷೆಯ ದಿನ ಹೊಸ ಫಾದರ್ ಅಂಗೈಗೆ ಬಿಷಪ್ ಪವಿತ್ರ ತೈಲ ಹಚ್ಚುತ್ತಾರೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಅಮ್ಮನಿಗೆ ಕೊಡುವ, ಆಕೆ ತೀರಿಕೊಂಡಾಗ ಅದನ್ನು ಕೈಗೆ ಸುತ್ತಿ ಮಣ್ಣು ಮಾಡುವ ಪದ್ಧತಿ ಎಷ್ಟೋ ಕಡೆ ಇದೆ. ಅಪ್ಪನಿಗೆ, ಮೊದಲ ಪಾಪನಿವೇದನೆ ಕೇಳಿದಾಗ ಹಾಕಿಕೊಂಡಿದ್ದ ನೇರಳೆ ಸ್ಟೋಲ್ (ಕೊರಳಿಗೆ ಹಾಕುವ ಉದ್ದ ಪಟ್ಟಿ) ಕೊಡುತ್ತಾರೆ. ಅಮ್ಮನಿಗೆ ಕೊಟ್ಟ ಬಟ್ಟೆ ಎಷ್ಟೋ ವರ್ಷದಿಂದ ಕಪಾಟಿನ ತಳದಲ್ಲಿ ಸೀರೆಗಳ ಕೆಳಗೆ ಮಡಿಸಿಟ್ಟಿರುತ್ತದೆ, ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲೇ ಯಾರಾದರೂ ಹುಡುಕಿ ತರಲಿ.

ಮಾತಾಡುವಾಗ ಜೋಪಾನ. ‘ನೀವು ಫಾದರ್, ನಿಮಗೆ ನಾವೇನು ಹೇಳೋದು’, ‘ನೀವೇ ಅತ್ತರೆ ನಮ್ಮ ಗತಿ ಏನು’ ಇವೆರಡೂ ದಯವಿಟ್ಟು ಬೇಡ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಕಣ್ಣೀರು ಹಾಕಿದರು. 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಸಂತ ಅಗಸ್ಟೀನರು ಎಲ್ಲರ ಮುಂದೆ ಅಳು ತಡೆದುಕೊಂಡರು, ಆಮೇಲೆ ಒಬ್ಬರೇ ಇದ್ದಾಗ ತಡೆಯಲಾಗದೆ ಅತ್ತರು, ಅದನ್ನು ಮುಚ್ಚಿಡದೆ ಬರೆದೂ ಇಟ್ಟರು. ನಂಬಿಕೆ ಇದ್ದವರು ಅಳಬಾರದು ಅಂತ ಯಾರೂ ಹೇಳಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು, ‘ಅಮ್ಮನ ಬಗ್ಗೆ ಹೇಳಿ ಫಾದರ್’ ಅನ್ನಿ.

ನಿಜವಾದ ಕಷ್ಟ ಶುರುವಾಗುವುದು ವಾಪಸ್ ಬಂದಮೇಲೆ. ಹತ್ತೇ ದಿನಕ್ಕೆ ಇನ್ಯಾರದೋ ತಾಯಿಯ ಅಂತ್ಯಕ್ರಿಯೆ ಬರಬಹುದು, ಅದೇ ಪ್ರಾರ್ಥನೆ, ಅದೇ ಪವಿತ್ರ ಜಲ, ಎದುರಿಗೆ ಅಳುವ ಮಗ. ಮೊದಲ ಒಂದೆರಡು ಸಲ ಬೇರೆ ಫಾದರ್ ಬರಬಹುದೇ ಅಂತ ನಾವೇ ಮೊದಲು ಕೇಳಿದರೆ ಅವರಿಗೆ ಎಷ್ಟೋ ಹಗುರ.

ಅವರ ತಾಯಿಗೋ ತಂದೆಗೋ ಪೂಜೆ ಹೇಳಿಸಿ, ಕಾರ್ಡ್ ಕೊಡುವುದಕ್ಕಿಂತ ಇದು ದೊಡ್ಡದು. ನವೆಂಬರ್ 2, ಮೃತರೆಲ್ಲರ ಸ್ಮರಣೆಯ ದಿನ, ಇನ್ನೊಂದು ವಿಷಯ ಗಮನಿಸಿ. ಆ ದಿನ ಒಬ್ಬ ಗುರು ಮೂರು ಪೂಜೆ ಅರ್ಪಿಸಬಹುದು, 1915ರಲ್ಲಿ ಪೋಪ್ 15ನೇ ಬೆನೆಡಿಕ್ಟ್ ಕೊಟ್ಟ ಅನುಮತಿ ಅದು. ಒಂದು ಎಲ್ಲ ಮೃತರಿಗೆ, ಇನ್ನೊಂದು ಪೋಪ್ ಅವರ ಉದ್ದೇಶಕ್ಕೆ, ಉಳಿದ ಒಂದು ಮಾತ್ರ ಗುರುವಿನ ಇಷ್ಟಕ್ಕೆ. ಆ ಒಂದನ್ನೂ ನಮ್ಮ ಮನೆಯವರ ಹೆಸರಿಗೆ ಕೇಳಿ ತುಂಬಿಸಿಬಿಡುತ್ತೇವೆ. ಆ ವರ್ಷ ಬಿಟ್ಟುಕೊಡಿ, ಅದು ಅವರ ಅಮ್ಮನಿಗಿರಲಿ.

ತೀರಿಕೊಂಡ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಫಾದರ್‌ಗಳಿಗೆ ವರ್ಗಾವಣೆ ಆಗುತ್ತದೆ, ಹೊಸ ಜಾಗದವರಿಗೆ ಈ ವಿಷಯವೇ ಗೊತ್ತಿರುವುದಿಲ್ಲ, ಮೊದಲ ವರ್ಷಕ್ಕೆ ನೀವೇ ಫೋನ್ ಮಾಡಬೇಕು. ತಿಂಗಳುಗಳು ಕಳೆದರೂ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಜನರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅನಿಸಿದರೆ ಊರೆಲ್ಲ ಮಾತಾಡಬೇಡಿ. ಅವರ ಆಪ್ತ ಗೆಳೆಯ ಫಾದರ್ ಒಬ್ಬರಿಗೆ ನೇರವಾಗಿ ಹೇಳಿ, ಅವರು ಕರೆದುಕೊಂಡು ಹೋಗಿ ಆಪ್ತ ಸಮಾಲೋಚಕರಿಗೋ ಡಾಕ್ಟರಿಗೋ ತೋರಿಸಲಿ.