ಹಸ್ತಪ್ರತಿ ರೆಡಿ, ಪ್ರಕಾಶಕರು ಯಾರು?

ಇಂಗ್ಲಿಷ್ ಬರಹಗಾರರಿಗೆ ಇರುವಂಥ ಲಿಟರರಿ ಏಜೆಂಟ್‌ಗಳು ಕನ್ನಡದಲ್ಲಿ ಇಲ್ಲವೆಂದೇ ಹೇಳಬೇಕು. ಬರೆದವರೇ ಪ್ರಕಾಶಕರಿಗೆ ಫೋನ್ ಮಾಡಬೇಕು, ಮೇಲ್ ಕಳಿಸಬೇಕು. ನಮ್ಮಲ್ಲಿ ಎಷ್ಟೋ ಪ್ರಕಾಶನಗಳನ್ನು ಒಬ್ಬಿಬ್ಬರೇ ನಡೆಸುತ್ತಾರೆ. ಹಸ್ತಪ್ರತಿ ಓದುವವರು, ಪ್ರೆಸ್ಸಿಗೆ ಓಡುವವರು, ಪುಸ್ತಕದ ಕಟ್ಟು ಕಟ್ಟಿ ಕೊರಿಯರ್‌ಗೆ ಕೊಡುವವರು ಎಲ್ಲಾ ಅವರೇ. ಇದು ಗೊತ್ತಿದ್ದರೆ ಉತ್ತರ ತಡವಾದಾಗ ಸಿಟ್ಟು ಸ್ವಲ್ಪ ಕಡಿಮೆ ಬರುತ್ತದೆ.

ನಿಮ್ಮ ಹತ್ತಿರ ಒಂದು ಸಂಕಲನಕ್ಕಾಗುವಷ್ಟು ಕಥೆಗಳಿವೆ ಅಂದುಕೊಳ್ಳೋಣ. ಮುಂದೇನು?

ಕಥೆಗಳು ಮೊದಲು ಹೊರಗೆ ಓಡಾಡಲಿ

ಮಯೂರ, ತುಷಾರ, ಸುಧಾ, ತರಂಗ, ಭಾನುವಾರದ ಪುರವಣಿಗಳು, ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳ ಕಥಾ ಸ್ಪರ್ಧೆಗಳು ಇವೆಯಲ್ಲ, ಅಲ್ಲಿಗೆ ಕಳಿಸಿ. ಮೂರ್ನಾಲ್ಕು ಕಥೆ ಅಚ್ಚಾಗಿದ್ದರೆ ಪ್ರಕಾಶಕರಿಗೆ ನಿಮ್ಮ ಹೆಸರು ಪೂರ್ತಿ ಹೊಸದಾಗಿರುವುದಿಲ್ಲ. ಆದರೆ ಒಂದೇ ಕಥೆಯನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬೇಡಿ. ಎರಡೂ ಕಡೆ ಬಂದುಬಿಟ್ಟರೆ ಇಬ್ಬರು ಸಂಪಾದಕರೂ ಮರೆಯುವುದಿಲ್ಲ.

ಹಸ್ತಪ್ರತಿ ಸ್ಪರ್ಧೆಗಳ ಮೇಲೂ ಒಂದು ಕಣ್ಣಿರಲಿ. ಬೆಂಗಳೂರಿನ ಛಂದ ಪುಸ್ತಕ, ಇನ್ನೂ ಕಥಾ ಸಂಕಲನ ತರದವರಿಗಾಗಿಯೇ ಇಂಥ ಸ್ಪರ್ಧೆ ನಡೆಸಿ, ಗೆದ್ದ ಹಸ್ತಪ್ರತಿಯನ್ನು ಪುಸ್ತಕ ಮಾಡುತ್ತಾ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪ್ರಕಟಣೆಯಲ್ಲಿ ವಯಸ್ಸಿನ ಮಿತಿ, ಕೊನೆಯ ದಿನ ನೋಡಿಕೊಳ್ಳಿ.

ಹುಡುಕಾಟ ನಿಮ್ಮ ಕಪಾಟಿನಿಂದಲೇ ಶುರುವಾಗಲಿ

ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ. ಸಿಕ್ಕ ಇಮೇಲ್ ವಿಳಾಸಗಳಿಗೆಲ್ಲ ಒಂದೇ ಫೈಲ್ ತೂರಿ ಕೂರುತ್ತಾರೆ. ಅದರ ಬದಲು ನಿಮಗೆ ಇಷ್ಟವಾದ, ನಿಮ್ಮ ಬರವಣಿಗೆಗೆ ಹತ್ತಿರ ಅನಿಸುವ ಹತ್ತು ಹೊಸ ಪುಸ್ತಕ ಇಳಿಸಿಕೊಳ್ಳಿ. ಶೀರ್ಷಿಕೆ ಪುಟದ ಹಿಂಬದಿ ತೆಗೆಯಿರಿ. ಯಾವ ವರ್ಷದ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಎಂಥ ಕಾಗದ, ಏನು ಬೆಲೆ ಎಂಬುದನ್ನು ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಅಲ್ಲಿ ಅಚ್ಚು ಹಾಕಿರುತ್ತವೆ. ಹಕ್ಕು ಲೇಖಕರದೋ ಪ್ರಕಾಶಕರದೋ ಅನ್ನುವುದೂ ಅಲ್ಲೇ ಇರುತ್ತದೆ. ಈ ಒಂದು ಪುಟ ಪ್ರಕಾಶಕರ ಬಗ್ಗೆ ಅರ್ಧ ವಿಷಯ ಹೇಳಿಬಿಡುತ್ತದೆ.

ಪ್ರತಿ ಪ್ರಕಾಶನಕ್ಕೂ ಒಂದು ಸ್ವಭಾವ ಇರುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಕನ್ನಡದ ದೊಡ್ಡ ಲೇಖಕರನ್ನು ಪ್ರಕಟಿಸಿದ ಮನೆ. ಹೆಗ್ಗೋಡಿನ ಅಕ್ಷರ ಪ್ರಕಾಶನ ಅಂದರೆ ನಾಟಕ, ವಿಮರ್ಶೆ, ಅನುವಾದ ನೆನಪಾಗುತ್ತವೆ. ವಿಜ್ಞಾನ ಬರೆಯುವವರು ನವಕರ್ನಾಟಕದ ಪಟ್ಟಿ ನೋಡಲೇಬೇಕು. ಗದಗದ ಲಡಾಯಿ, ಶಿವಮೊಗ್ಗದ ಅಹರ್ನಿಶಿಯಂಥ ಸಣ್ಣ ಪ್ರಕಾಶನಗಳಿಗೂ ಅವರದೇ ಓದುಗರಿದ್ದಾರೆ. ಕಳೆದ ಎರಡು ವರ್ಷದಲ್ಲಿ ಒಂದೂ ಕಥಾ ಸಂಕಲನ ತರದ ಪ್ರಕಾಶಕರಿಗೆ ಕಥೆ ಕಳಿಸಿ ಬೇಜಾರಾಗುವುದು ಯಾಕೆ, ಅಲ್ವಾ?

ಫೈಲ್ ಮತ್ತು ಪತ್ರ

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪುಟ ವಿನ್ಯಾಸ ಮಾಡುವ ಕೆಲವರು ಇನ್ನೂ 'ನುಡಿ', 'ಬರಹ' ತಂತ್ರಾಂಶಗಳ ಹಳೇ ಫಾಂಟ್ ಬಳಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು ಹಾರಿಹೋಗುತ್ತದೆ, ಒತ್ತಕ್ಷರ ಒಡೆಯುತ್ತದೆ. ಅದಕ್ಕೇ ವರ್ಡ್ ಫೈಲ್ ಜೊತೆ ಒಂದು ಪಿಡಿಎಫ್ ಕೂಡ ಇಡಿ, ತಾಳೆ ನೋಡಲು ಬೇಕಾಗುತ್ತದೆ. ಎಲ್ಲ ಕಥೆಗಳೂ ಒಂದೇ ಫೈಲಿನಲ್ಲಿರಲಿ, ಪರಿವಿಡಿ ಇರಲಿ, ಯಾವ ಕಥೆ ಎಲ್ಲಿ ಪ್ರಕಟವಾಗಿತ್ತು ಅನ್ನುವುದೂ ಇರಲಿ.

ಇರುವ ಕಥೆಗಳನ್ನೆಲ್ಲ ತುರುಕಬೇಡಿ. ಕಥೆ, ಕಾದಂಬರಿಗಳಿಗೆ ಸಾಮಾನ್ಯವಾಗಿ ಬಳಸುವ ಡೆಮಿ 1/8 ಆಕಾರದಲ್ಲಿ ಒಂದು ಫಾರಂ, ಅಂದರೆ ಎರಡೂ ಬದಿ ಅಚ್ಚಾದ ಒಂದು ದೊಡ್ಡ ಹಾಳೆ, 16 ಪುಟ. ಪ್ರಕಾಶಕರು ಲೆಕ್ಕ ಹಾಕುವುದು ಫಾರಂಗಳಲ್ಲಿ. 128 ಪುಟಕ್ಕೆ ಸರಿಯಾಗಿ ಎಂಟು ಫಾರಂ. ಎರಡು ಪುಟ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಸೊರಗಿದ ಎರಡು ಕಥೆ ಬಿಟ್ಟರೆ ಪುಸ್ತಕಕ್ಕೂ ಒಳ್ಳೆಯದು, ಅವರ ಖರ್ಚಿಗೂ ಒಳ್ಳೆಯದು.

ಪತ್ರ ಅರ್ಧ ಪುಟ ಸಾಕು. ನೀವು ಯಾರು, ಇದು ಎಂಥ ಪುಸ್ತಕ, ಇವರನ್ನೇ ಯಾಕೆ ಕೇಳುತ್ತಿದ್ದೀರಿ, ಅಷ್ಟೇ. ಹಿರಿಯರೊಬ್ಬರ ಮುನ್ನುಡಿಯನ್ನು ಮೊದಲೇ ಬರೆಸಿ ಲಗತ್ತಿಸುವ ಅಭ್ಯಾಸ ನನಗಂತೂ ಸರಿ ಕಾಣುವುದಿಲ್ಲ. ಒಪ್ಪಿಗೆಯಾದ ಮೇಲೆ ಕೇಳಬಹುದು. ಆ ಹಿರಿಯರ ಮೇಜಿನ ಮೇಲೆ ಈಗಾಗಲೇ ಎಷ್ಟು ಹಸ್ತಪ್ರತಿ ಕಾಯುತ್ತಿವೆಯೋ, ಪಾಪ.

ಕಳಿಸಿದ ಮೇಲೆ ಎರಡು ಮೂರು ತಿಂಗಳು ಸುಮ್ನೆ ಬಿಡಿ. ನಂತರ ಒಂದು ಮೆಸೇಜ್ ಹಾಕಿ. ರಾಜ್ಯೋತ್ಸವದ ತಿಂಗಳು, ಸಾಹಿತ್ಯ ಸಮ್ಮೇಳನದ ದಿನಗಳಲ್ಲಿ ಮಾತ್ರ ಬೇಡ. ಆಗ ಅವರು ಮಳಿಗೆಯಲ್ಲಿ ನಿಂತಿರುತ್ತಾರೆ.

ದುಡ್ಡು, ಹಕ್ಕು, ಕಾಗದ

ಪ್ರಕಾಶಕರು ಒಪ್ಪಿದರು. ಖುಷಿಯಲ್ಲಿ 'ಎಲ್ಲಾ ನೀವೇ ನೋಡ್ಕೊಳ್ಳಿ ಸಾರ್' ಅಂದುಬಿಡಬೇಡಿ. ಗೌರವಧನ ಬೆಲೆಯ ಶೇಕಡಾ ಹತ್ತೋ, ಅದರ ಬದಲು ಒಂದಷ್ಟು ಪ್ರತಿಗಳೋ, ಇಲ್ಲಾ ಅಚ್ಚಿನ ಖರ್ಚು ನಿಮ್ಮ ಮೇಲೆಯೋ ಎಂದು ಮೊದಲೇ ಕೇಳಿ. ಖರ್ಚು ನೀವು ಹಾಕುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಉಳಿದ ಪ್ರತಿಗಳು ಯಾರ ಮನೆಯಲ್ಲಿರುತ್ತವೆ, ಅಂಗಡಿಗೆ ಯಾರು ಹಾಕುತ್ತಾರೆ, ಗ್ರಂಥಾಲಯ ಇಲಾಖೆ ಖರೀದಿಸಿದರೆ ಆ ಹಣ ಯಾರಿಗೆ ಅನ್ನುವುದು ಗೊತ್ತಿರಬೇಕು.

ಒಪ್ಪಂದ ಕಾಗದದ ಮೇಲೆಯೇ ಆಗಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ಇಲ್ಲದ, ನಿಮ್ಮ ಸಹಿ ಇಲ್ಲದ ಹಕ್ಕು ವರ್ಗಾವಣೆ ಊರ್ಜಿತವಲ್ಲ. ಅವಧಿ ಬರೆಯದಿದ್ದರೆ ಅದು ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. 'ಸಮಸ್ತ ಹಕ್ಕುಗಳು ಪ್ರಕಾಶಕರಿಗೆ' ಅನ್ನುವ ಸಾಲಿದ್ದರೆ ಅಲ್ಲೇ ನಿಲ್ಲಿ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಸಿ. ಹಕ್ಕುಸ್ವಾಮ್ಯ ನೀವು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. ಮೊಮ್ಮಕ್ಕಳ ಮಾತೂ ಇದರಲ್ಲಿ ಬಂತು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಯಾರಾದರೂ ಪ್ರತ್ಯೇಕ ದುಡ್ಡು ಕೇಳಿದರೆ ಯಾಕೆಂದು ವಿಚಾರಿಸಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ.

ಕೊನೆಯದು ಕರಡು, ಅಂದರೆ ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪುಟಗಳು. ಒಂದು ಸಲ ನೀವು ಓದಿ, ಇನ್ನೊಂದು ಸಲ ಕಥೆ ಗೊತ್ತಿಲ್ಲದವರಿಂದ ಓದಿಸಿ. ಮುಖಪುಟ ಅಚ್ಚಿಗೆ ಹೋಗುವ ಮುಂಚೆ ಬೆನ್ನಿನ ಮೇಲಿನ ಹೆಸರನ್ನೂ ನೋಡಿ. ಒಳಪುಟಗಳನ್ನು ಹತ್ತು ಸಲ ತಿದ್ದಿದವರೂ ಅದನ್ನು ಓದಿರುವುದಿಲ್ಲ.