‘ಜಾಲತಾಣ’ ಪದ ಬಿಟ್ಟ ಮೇಲೆ ಸಿಕ್ಕ ಉತ್ತರಗಳು

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಾಂಗಡೆ ಮಾರುತ್ತಿದ್ದ ಒಬ್ಬ ಅಕ್ಕನಿಗೆ ನಮ್ಮ ಮೊದಲ ಪ್ರಶ್ನೆ ಓದಿ ಹೇಳಿದೆ: ‘ನೀವು ಸಾಮಾಜಿಕ ಜಾಲತಾಣ ಬಳಸುತ್ತೀರಾ?’

‘ಇಲ್ಲಪ್ಪಾ, ಅದೆಲ್ಲಾ ಓದಿದವರಿಗೆ’ ಅಂದರು. ಬುಟ್ಟಿಯ ಪಕ್ಕದಲ್ಲೇ ಅವರ ಫೋನಿನಲ್ಲಿ ರೀಲ್ಸ್ ಓಡುತ್ತಿತ್ತು. ‘ವಾಟ್ಸಾಪ್?’ ಅಂತ ಕೇಳಿದೆ. ‘ಅದಿಲ್ಲದೆ ಹೇಗೆ? ಯಾವ ಬೋಟ್ ಬಂತು ಅಂತ ಅದರಲ್ಲೇ ಗೊತ್ತಾಗೋದು.’

ನಾನು ಸಮಾಜಶಾಸ್ತ್ರ ಪಾಠ ಮಾಡುವವನು. ಜಾಲತಾಣಗಳ ಬಗ್ಗೆ ನಮ್ಮ ಜಿಲ್ಲೆಯ ಜನರಿಗೆ ಏನನಿಸುತ್ತದೆ ಎಂದು ತಿಳಿಯಲು ವಿದ್ಯಾರ್ಥಿಗಳ ಜೊತೆ ಮೂರು ವಾರ ಕೂತು 38 ಪ್ರಶ್ನೆ ಬರೆದಿದ್ದೆ. ಮಾರ್ಕೆಟ್ಟಿಗೆ ಹೋಗಿದ್ದು ಅವನ್ನು ಸುಮ್ನೆ ಪರೀಕ್ಷಿಸಿ ನೋಡಲು. ಆ ಅಕ್ಕನಿಗೆ ‘ಇಲ್ಲ’ ಎಂದು ಗುರುತು ಹಾಕಿದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳುವ ಹಾಗೇ ಇರಲಿಲ್ಲ.

ಅಂದೇ ಆ ಪದ ತೆಗೆದೆವು. ‘ನಿನ್ನೆ ವಾಟ್ಸಾಪ್ ನೋಡಿದ್ರಾ? ಯೂಟ್ಯೂಬ್? ಫೇಸ್‌ಬುಕ್? ಇನ್‌ಸ್ಟಾಗ್ರಾಂ?’ ಎಂದು ಒಂದೊಂದೇ ಹೆಸರು ಹಿಡಿದು ಕೇಳಿದೆವು. ನಿನ್ನೆಯದು ನೆನಪಿರುತ್ತದೆ. ‘ದಿನಕ್ಕೆ ಎಷ್ಟು ಹೊತ್ತು ನೋಡ್ತೀರಿ’ ಅಂದರೆ ಮರ್ಯಾದೆಗೆ ಸರಿ ಕಾಣುವ ಲೆಕ್ಕವೇ ಬರುತ್ತದೆ.

ಶಿರಸಿ ಕಡೆಯ ಮನೆಗಳಲ್ಲಿ ಬೇರೆ ತೊಂದರೆ. ‘ಜಾಲತಾಣಗಳು ಸುಳ್ಳು ಸುದ್ದಿ ಹರಡಿ ಯುವಕರನ್ನು ಹಾಳು ಮಾಡುತ್ತಿವೆ, ಒಪ್ಪುತ್ತೀರಾ?’ ಅಂದರೆ ಎಲ್ಲರೂ ‘ಹೌದು ಹೌದು’. ಕಷಾಯ ಕೊಟ್ಟು ಕೂರಿಸಿದ ಅತಿಥಿಯ ಮಾತಿಗೆ ಯಾರು ಇಲ್ಲ ಅಂತಾರೆ? ತಪ್ಪು ಪ್ರಶ್ನೆಯಲ್ಲೇ ಇತ್ತು. ಒಂದರಲ್ಲಿ ಎರಡು ಸಂಗತಿ ಸೇರಿಸಿ, ನಮ್ಮ ತೀರ್ಪನ್ನೂ ಅದರಲ್ಲೇ ಇಟ್ಟಿದ್ದೆವು. ಒಪ್ಪಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯುವ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲೇ ಕೊಟ್ಟಿದ್ದ. ನಾವೂ ಅದನ್ನೇ ಹಿಡಿದಿದ್ದೆವು. ಆದರೆ ‘ಬಲವಾಗಿ ಸಮ್ಮತಿಸುತ್ತೇನೆ’ ಅಂತ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಹಾಗಾಗಿ ಹೀಗೆ ತಿದ್ದಿದೆವು: ‘ಫೋನಿಂದ ಹುಡುಗರು ಕೆಡ್ತಾರೆ ಅಂತ ಕೆಲವರು ಹೇಳ್ತಾರೆ. ಅದರಿಂದ ಕಲೀತಾರೆ ಅಂತ ಇನ್ನು ಕೆಲವರು. ನಿಮಗೆ ಯಾವುದು ಸರಿ ಅನಿಸುತ್ತೆ?’ ಜೊತೆಗೆ ‘ಹೇಳೋಕಾಗಲ್ಲ’ ಎಂಬ ಆಯ್ಕೆಯನ್ನೂ ಇಟ್ಟೆವು. ಆಮೇಲೆ ಒಬ್ಬ ಹಿರಿಯರು ‘ಎರಡೂ ಹೌದು ತಮಾ’ ಎಂದು ಅರ್ಧ ಗಂಟೆ ಮಾತಾಡಿದರು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ತನ್ನ ಫೇಸ್‌ಬುಕ್ ಖಾತೆಯ ಮಾತೇ ಎತ್ತುತ್ತಿರಲಿಲ್ಲ. ಅಂಥ ಪ್ರಶ್ನೆಗಳಿಗೆ ಚೀಟಿ ಕೊಟ್ಟು, ಅವರೇ ಗುರುತು ಹಾಕಿ ಲಕೋಟೆಗೆ ಹಾಕುವಂತೆ ಮಾಡಿದೆವು.

ಪ್ರಶ್ನೆಗಳ ಸಾಲೂ ಉತ್ತರ ಬದಲಿಸುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ಲ, ಆ ಸುದ್ದಿ ಮೊದಲು ಹೇಗೆ ಗೊತ್ತಾಯಿತು ಎಂದು ಆರಂಭದಲ್ಲೇ ಕೇಳಿದ್ದೆವು. ‘ವಾಟ್ಸಾಪಿನಲ್ಲಿ’ ಅಂದವರು ಮುಂದೆ ಎಲ್ಲದಕ್ಕೂ ‘ಫೋನಿಂದ ಉಪಯೋಗವೇ ಜಾಸ್ತಿ’ ಅನ್ನತೊಡಗಿದರು. ಅದನ್ನು ಕೊನೆಗೆ ಸರಿಸಿದೆವು.

ಇಷ್ಟಾದರೂ ವಿದ್ಯಾರ್ಥಿಗಳಿಗೆ ಒಂದು ಆಸೆ: ‘ಸರ್, ಗ್ರೂಪುಗಳಿಗೆ ಲಿಂಕ್ ಕಳಿಸಿದ್ರೆ ಒಂದೇ ದಿನದಲ್ಲಿ ಸಾವಿರ ಜನ ತುಂಬ್ತಾರೆ.’ ತುಂಬುತ್ತಾರೆ, ನಿಜ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಯಾರಿಗೆ ಮತ ಎಂದು ಕೇಳಿದ್ದ ಅಲ್ಲಿನ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿತ್ತು. ಲ್ಯಾಂಡನ್ ಗೆಲ್ಲುತ್ತಾನೆ ಅಂತ ಅದು ಬರೆಯಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದ. ಫೋನ್, ಕಾರು ಇದ್ದವರ ಪಟ್ಟಿಗಳಿಂದಲೇ ಹೆಚ್ಚಿನ ವಿಳಾಸ ತೆಗೆದಿದ್ದರು. ನಮ್ಮ ಲಿಂಕ್ ಕೂಡ ಜೋಯಿಡಾದಲ್ಲಿ ನೆಟ್‌ವರ್ಕ್ ಸಿಗದ ಊರುಗಳನ್ನು ಬಿಟ್ಟೇ ಬಿಡುತ್ತಿತ್ತು. ಜಾಲತಾಣ ಬೇಡ ಅಂದವರ ಅಭಿಪ್ರಾಯವೂ ನನಗೆ ಬೇಕಿತ್ತು ಅಲ್ವಾ? ಮತದಾರರ ಪಟ್ಟಿ ಹಿಡಿದು, ಸಮಾನ ಅಂತರದಲ್ಲಿ ಹೆಸರು ಆರಿಸಿ, ಮನೆಗೇ ಹೋದೆವು. ಅಡಿಕೆ ಕೊಯ್ಲಿನ ದಿನಗಳಲ್ಲಿ ಘಟ್ಟದ ಮೇಲೆ ಹೋಗಲಿಲ್ಲ. ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್, ಜುಲೈನಲ್ಲಿ ಕರಾವಳಿ ಮುಗಿಸಿದೆವು. ಆಗ ಬೋಟಿನವರು ಮನೆಯಲ್ಲಿ ಸಿಗುತ್ತಾರೆ.

ತಿದ್ದಿದ ಪ್ರಶ್ನಾವಳಿ ಹಿಡಿದು ಮತ್ತೆ ಅದೇ ಅಕ್ಕನ ಹತ್ತಿರ ಹೋಗಿದ್ದೆ. ‘ವಾಟ್ಸಾಪಿನಲ್ಲಿ ಬಂದ ಸುದ್ದಿ ನಂಬ್ತೀರಾ?’ ಅಂದೆ. ಬಾಂಗಡೆ ಎಣಿಸುತ್ತಲೇ ‘ಯಾರು ಕಳಿಸಿದ್ದು?’ ಎಂದು ನನ್ನನ್ನೇ ಕೇಳಿದರು. ಅಣ್ಣ ಕಳಿಸಿದರೆ ನಂಬುತ್ತಾರಂತೆ, ಗುರುತಿಲ್ಲದವರು ಕಳಿಸಿದರೆ ಇಲ್ಲ. ಆ ಸಂಜೆಯೇ ಆ ಒಂದು ಪ್ರಶ್ನೆಯನ್ನು ನಾಲ್ಕು ಮಾಡಿದೆ: ಮನೆಯವರು, ಊರಿನವರು, ಪಕ್ಷದವರು, ಗುರುತಿಲ್ಲದವರು.