ಕ್ಲೋನ್ ಮಾಡಿದ ಡಿಸ್ಕಿನಿಂದ ಕಂಪ್ಯೂಟರ್ ಏಳದಿದ್ದರೆ

ಕಾರವಾರದ ಜೆರಾಕ್ಸ್ ಅಂಗಡಿಯಾಗಲಿ, ಶಿರಸಿಯ ಅಡಿಕೆ ವ್ಯಾಪಾರದ ಲೆಕ್ಕವಾಗಲಿ, ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡುವುದೇ (ಇಡೀ ಡಿಸ್ಕನ್ನು ಇದ್ದ ಹಾಗೇ ನಕಲಿಸುವುದೇ) ಟ್ಯಾಲಿ, ನುಡಿ, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಇದ್ದಲ್ಲೇ ಇರಲಿ ಎಂದು. ಆದ್ದರಿಂದ ಕ್ಲೋನ್ ಆದಮೇಲೆ ವಿಂಡೋಸ್ ತೆರೆಯದಿದ್ದರೆ ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ಹೆಚ್ಚಿನ ಸಲ ಫೈಲುಗಳು ಸರಿಯಾಗಿಯೇ ಬಂದಿರುತ್ತವೆ. ಅವುಗಳವರೆಗಿನ ದಾರಿ ಮಾತ್ರ ತಪ್ಪಿರುತ್ತದೆ.

ಮೊದಲು ಕಂಪ್ಯೂಟರ್ ಆಫ್ ಮಾಡಿ ಹಳೆಯ ಡಿಸ್ಕಿನ ಕೇಬಲ್ ಕಳಚಿ. ಕ್ಲೋನಿಗೂ ಮೂಲಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದುಂಟು. ಎರಡೂ ಒಟ್ಟಿಗಿದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಅದರ ಸಂಖ್ಯೆಯನ್ನೇ ಬದಲಿಸುತ್ತದೆ. ಆಮೇಲೆ ವಿಂಡೋಸ್ ಎಲ್ಲಿದೆ ಎಂದು ಹೇಳುವ ಬೂಟ್ ದಾಖಲೆಯಲ್ಲಿರುವ ವಿಳಾಸ ಹೊಂದುವುದಿಲ್ಲ. 0ಎಕ್ಸ್‌ಸಿ000000ಇ ಎಂಬ ಎರರ್ ಬರುವ ಒಂದು ಕಾರಣ ಇದು.

ಇನ್ನು ವಿಂಡೋಸಿಗಿಂತ ಮೊದಲಿನ ಸೆಟ್ಟಿಂಗ್ ಪರದೆಯಾದ ಬಯಾಸ್ ತೆರೆದು (ಆನ್ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀ) ಹೊಸ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಸಾಫ್ಟ್‌ವೇರಿನ ಗೋಜಿಗೇ ಹೋಗಬೇಡಿ. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಬೇರೆ ಸಾಟಾ ಕೇಬಲ್ ಹಾಕಿ ನೋಡಿ. ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ 3 ವೋಲ್ಟಿನ ಸಿಆರ್2032 ಬ್ಯಾಟರಿ ಮುಗಿದಿದೆ, ಬಯಾಸ್ ಸೆಟ್ಟಿಂಗ್‌ಗಳೂ ಮೊದಲಿನಂತಾಗಿರುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರಿನಲ್ಲಿ ಇದನ್ನು ನೋಡಲು ಮರೆಯಬೇಡಿ.

ಡಿಸ್ಕ್ ಕಂಡರೆ ಬಯಾಸಿನಲ್ಲೇ ಬೂಟ್ ಮೋಡ್ (ಕಂಪ್ಯೂಟರ್ ಏಳುವ ವಿಧಾನ) ಪರೀಕ್ಷಿಸಿ. ಜಿಪಿಟಿ, ಎಂಬಿಆರ್ ಎಂದರೆ ಡಿಸ್ಕನ್ನು ಭಾಗ ಮಾಡುವ ಹೊಸ ಮತ್ತು ಹಳೆಯ ಪದ್ಧತಿಗಳು. ಜಿಪಿಟಿ ಡಿಸ್ಕಿಗೆ ಯುಇಎಫ್‌ಐ, ಎಂಬಿಆರ್ ಡಿಸ್ಕಿಗೆ ಲೆಗಸಿ. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಇದ್ದರೆ ಅದನ್ನೇ ಮೇಲಕ್ಕೆ ತನ್ನಿ.

ಇಷ್ಟಾದರೂ ಏಳದಿದ್ದರೆ, ಕ್ಲೋನ್ ಮಾಡುವಾಗ ಸಿ ಡ್ರೈವನ್ನು ಮಾತ್ರ ಆರಿಸಿದ್ದಿರಬಹುದು. ನಾವು ಹೆಚ್ಚಾಗಿ ಕಾಣುವ ತಪ್ಪು ಇದೇ. ಬೂಟ್ ಫೈಲುಗಳಿರುವುದು ಸಿಯಲ್ಲಲ್ಲ, 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ (ಡಿಸ್ಕಿನ ಒಂದು ಸಣ್ಣ ಭಾಗದಲ್ಲಿ). ಅದು ಹಳೆಯ ಡಿಸ್ಕಿನಲ್ಲೇ ಉಳಿದಿರುತ್ತದೆ. ಎರಡೂ ಡಿಸ್ಕ್ ಇದ್ದಾಗ ಸರಿ, ಹಳೆಯದನ್ನು ತೆಗೆದೊಡನೆ ಕೈಕೊಡುತ್ತದೆ ಎಂದಾದರೆ ಕಾರಣ ಬಹುಮಟ್ಟಿಗೆ ಇದೇ.

ಸರಿಪಡಿಸಲು 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಅದರಿಂದ ಯುಇಎಫ್‌ಐ ಮೋಡಿನಲ್ಲೇ ಬೂಟ್ ಮಾಡಿ. ಮೊದಲ ಪರದೆಯಲ್ಲಿ ಶಿಫ್ಟ್+ಎಫ್10 ಒತ್ತಿ. ಮುಂದಿನ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ‘ಡಿಸ್ಕ್‌ಪಾರ್ಟ್’, ಆಮೇಲೆ ‘ಲಿಸ್ಟ್ ವಾಲ್ಯೂಮ್’. ಫ್ಯಾಟ್32 ಎಂದಿರುವ ಸಣ್ಣ ವಾಲ್ಯೂಮಿನ ಸಂಖ್ಯೆ ನೋಡಿಕೊಳ್ಳಿ. ಪೆನ್‌ಡ್ರೈವೂ ಫ್ಯಾಟ್32 ಇರುತ್ತದೆ, ಗಾತ್ರ ನೋಡಿ ಬೇರ್ಪಡಿಸಿ. ‘ಸೆಲೆಕ್ಟ್ ವಾಲ್ಯೂಮ್’ ಎಂದು ಆ ಸಂಖ್ಯೆ, ‘ಅಸೈನ್ ಲೆಟರ್=ಝಡ್’, ‘ಎಕ್ಸಿಟ್’. ಕೊನೆಗೆ:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ

ಇಲ್ಲಿ ನಿಮ್ಮ ಸಿ ಡ್ರೈವ್ ಡಿ ಎಂದು ಕಾಣಿಸಿಕೊಳ್ಳಬಹುದು. ‘ಡಿಐಆರ್ ಸಿ:\’ ಎಂದು ಹೊಡೆದು ವಿಂಡೋಸ್ ಫೋಲ್ಡರ್ ಇದೆಯೇ ಖಚಿತಪಡಿಸಿಕೊಳ್ಳಿ. ಇಎಫ್‌ಐ ಪಾರ್ಟಿಷನ್ ಇಲ್ಲವೇ ಇಲ್ಲ, ಆದರೆ ಡಿಸ್ಕ್ ಜಿಪಿಟಿ ಎಂದಾದರೆ, ಡಿಸ್ಕ್‌ಪಾರ್ಟಿನಲ್ಲಿ ವಿಂಡೋಸ್ ವಾಲ್ಯೂಮ್ ಆರಿಸಿ ‘ಶ್ರಿಂಕ್ ಡಿಸೈರ್ಡ್=300’, ‘ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=200’, ‘ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32’ ಮಾಡಿ, ಝಡ್ ಅಕ್ಷರ ಕೊಟ್ಟು ಅದೇ ಬಿಸಿಡಿಬೂಟ್ ಓಡಿಸಿ. ಫಾರ್ಮ್ಯಾಟ್ ಹೊಡೆಯುವ ಮೊದಲು ‘ಲಿಸ್ಟ್ ಪಾರ್ಟಿಷನ್’ನಲ್ಲಿ ನಕ್ಷತ್ರದ ಗುರುತು ಹೊಸ 200 ಎಂಬಿಯ ಮುಂದೆಯೇ ಇದೆಯೇ ನೋಡಿ. ಇಲ್ಲಿ ಅವಸರ ಮಾಡಿದರೆ ಡೇಟಾ ಹೋಗುತ್ತದೆ.

ವಿಂಡೋಸ್ ಲೋಗೋ ಬಂದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ಕಥೆ ಬೇರೆ. ಬಯಾಸಿನಲ್ಲಿ ಡಿಸ್ಕ್ ನಡೆಸುವ ಮೋಡ್ (ಎಎಚ್‌ಸಿಐ-ರೈಡ್) ಅದಲುಬದಲಾಗಿರಬಹುದು, ಅದನ್ನು ಮೊದಲಿನಂತೆ ಮಾಡಿ. ಕೇಬಲಿನ ಸಾಟಾ ಡಿಸ್ಕಿನಿಂದ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಬಂದಿದ್ದರೆ ಒಮ್ಮೆ ಸೇಫ್ ಮೋಡಿನಲ್ಲಿ ತೆರೆಯಿರಿ. ಡ್ರೈವರ್ ಅಲ್ಲಿ ಕೂರುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಬಹುದು, ಕೈಯಲ್ಲಿಟ್ಟುಕೊಳ್ಳಿ.

ಮತ್ತೆ ಕ್ಲೋನ್ ಮಾಡಲೇಬೇಕಾದ ಸಂದರ್ಭಗಳು ಎರಡು. ನಡುವೆ ಕರೆಂಟ್ ಹೋಗಿದ್ದರೆ; ಹಳೆಯ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್‌ಗಳಿದ್ದು ಕ್ಲೋನ್ ಅರ್ಧಕ್ಕೆ ನಿಂತಿದ್ದರೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ5 ಸಾಲಿನ (ಓದಲಾಗದ ಸೆಕ್ಟರ್‌ಗಳ ಎಣಿಕೆ) ರಾ ಮೌಲ್ಯ ಸೊನ್ನೆಯಲ್ಲದಿದ್ದರೆ ಮೊದಲು ಮುಖ್ಯ ಫೈಲುಗಳನ್ನು ಬೇರೆಡೆ ನಕಲಿಸಿಕೊಳ್ಳಿ. ಮಳೆಗಾಲದಲ್ಲಿ ಡೆಸ್ಕ್‌ಟಾಪನ್ನು ಯುಪಿಎಸ್ ಇಲ್ಲದೆ ಕ್ಲೋನ್‌ಗೆ ಹಚ್ಚಬೇಡಿ.

ಹಳೆಯ ಡಿಸ್ಕನ್ನು ಅಳಿಸುವುದು ಟ್ಯಾಲಿ ಕಂಪನಿಗಳೆಲ್ಲ ತೆರೆದು, ಬ್ಯಾಕಪ್ ಒಂದು ಪೆನ್‌ಡ್ರೈವಿಗೆ ಹೋದ ಮೇಲೆಯೇ.